ದೊಡ್ಡ ಟೈರ್ ಹಾಕಿದ ಮೇಲೆ ಮೀಟರ್ ಸರಿಮಾಡಿಸಬೇಕೆ? ಯಾವ ಗಾಡಿಗೆ ಯಾವ ದಾರಿ

ಹೋದ ಮಳೆಗಾಲಕ್ಕೆ ಮುಂಚೆ ನಮ್ಮ ಜೀಪಿನ ಟೈರ್ ಬದಲಿಸಿದೆ. 2014ರ ಥಾರ್, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇಲ್ಲದ ಕಾಲದ್ದು. ಕಂಪನಿಯಿಂದ ಬಂದ ಟೈರ್ ಅಳತೆ 235/70 ಆರ್16. ತೋಟದ ಕೆಸರಿಗೆ ಅದು ಸಾಲದು ಅಂತ 245/75 ಆರ್16 ಹಾಕಿಸಿದೆ. ಗಾಡಿ ಸುಮಾರು ಎರಡು ಸೆಂಟಿಮೀಟರ್ ಎತ್ತರವಾಯಿತು, ನೋಡಲಿಕ್ಕೂ ಗತ್ತು ಬಂತು. ತಿಂಗಳ ಕೊನೆಗೆ ಡೀಸೆಲ್ ಲೆಕ್ಕ ಹಾಕಿದರೆ ಲೀಟರಿಗೆ 12 ಕಿ.ಮೀ. ಕೊಡುತ್ತಿದ್ದ ಜೀಪು 11.4ಕ್ಕೆ ಇಳಿದಿತ್ತು. ಟೈರ್ ಭಾರ ಜಾಸ್ತಿ, ಅದಕ್ಕೇ ಕುಡಿಯುತ್ತದೆ ಅಂದರು ಎಲ್ಲರೂ. ಆಮೇಲೆ ಅಳೆದು ನೋಡಿದಾಗ ತಿಳಿದದ್ದು ಬೇರೆ: ಜೀಪು ಡೀಸೆಲ್ಲನ್ನು ಮೊದಲಿನಷ್ಟೇ ಕುಡಿಯುತ್ತಿತ್ತು, ಓಡಿದ ದೂರವನ್ನು ಮಾತ್ರ ಕಡಿಮೆ ಬರೆದುಕೊಳ್ಳುತ್ತಿತ್ತು.

ಟೈರ್ ಬದಲಿಸಿದವರು, ಕ್ರೌನ್ ಪಿನಿಯನ್ (ಚಕ್ರದ ಅಚ್ಚಿನ ನಡುವೆ ಇರುವ ಹಲ್ಲುಚಕ್ರದ ಜೋಡಿ) ಬದಲಿಸಿದವರು ಎಲ್ಲರೂ ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಮೀಟರ್ ಸರಿಮಾಡಿಸಲು ಐದಾರು ದಾರಿಗಳಿವೆ. ಒಬ್ಬರ ಗಾಡಿಗೆ ಹೊಂದಿದ್ದು ಇನ್ನೊಬ್ಬರ ಗಾಡಿಗೆ ಶುದ್ಧ ದಂಡ. ಯಾವುದು ನಿಮಗೆ ಅನ್ನುವುದು ಎರಡು ಸಂಗತಿಗಳ ಮೇಲೆ ನಿಂತಿದೆ: ನಿಮ್ಮ ಗಾಡಿ ಸುತ್ತುಗಳನ್ನು ಎಲ್ಲಿ ಎಣಿಸುತ್ತದೆ, ಮತ್ತು ನಿಮಗೆ ಸರಿಯಾಗಬೇಕಾದದ್ದು ವೇಗ ತೋರಿಸುವ ಮುಳ್ಳೋ, ಓಡಿದ ಕಿಲೋಮೀಟರ್ ಅಂಕಿಯೋ.

ಮೊದಲು ತಪ್ಪು ಎಷ್ಟಿದೆ ನೋಡಿ

ಟೈರಿನ ಮೇಲೆ ಬರೆದ ಅಳತೆಯಿಂದಲೇ ಲೆಕ್ಕ ಸಿಗುತ್ತದೆ. 245/75 ಆರ್16 ಅಂದರೆ ಅಗಲ 245 ಮಿ.ಮೀ., ಅದರ ನೂರಕ್ಕೆ 75 ಭಾಗ ಪಕ್ಕದ ಗೋಡೆಯ ಎತ್ತರ, ಟೈರ್ ಕೂರುವ ಡಿಸ್ಕ್ 16 ಇಂಚು. ಗೋಡೆ ಮೇಲೂ ಕೆಳಗೂ ಇರುವುದರಿಂದ ಎರಡು ಸಲ ಕೂಡಿಸಿ, ಇಂಚನ್ನು 25.4ರಿಂದ ಗುಣಿಸಿ ಸೇರಿಸಿದರೆ ಒಟ್ಟು ವ್ಯಾಸ 774 ಮಿ.ಮೀ. ನನ್ನ ಹಳೆಯದು 735. ಹೊಸದನ್ನು ಹಳೆಯದರಿಂದ ಭಾಗಿಸಿದರೆ 1.052. ಒಂದು ಸುತ್ತಿಗೆ ಗಾಡಿ ಮೊದಲಿಗಿಂತ ನೂರಕ್ಕೆ 5.2ರಷ್ಟು ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಾಗುವುದಿಲ್ಲ.

ನಮ್ಮ ಕಡೆ ಹೆಚ್ಚು ಕಾಣುವ ಬದಲಾವಣೆಗಳನ್ನೇ ಲೆಕ್ಕ ಹಾಕಿ ನೋಡಿ. ಬೊಲೆರೊದ 215/75 ಆರ್15 ತೆಗೆದು 235/75 ಆರ್15 ಹಾಕಿದರೆ ವ್ಯತ್ಯಾಸ ನೂರಕ್ಕೆ 4.3. ಜಿಪ್ಸಿಯ 205/70 ಆರ್15 ಜಾಗದಲ್ಲಿ ಅದೇ 235/75 ಹಾಕಿದರೆ ಹೆಚ್ಚುಕಮ್ಮಿ 10. ಹಳೆ ಥಾರ್‌ಗೆ 31 ಇಂಚಿನ ಟೈರ್ ಹಾಕಿದರೆ 7. ಹೊಸ ಥಾರ್‌ನಲ್ಲಿ ಕಂಪನಿಯೇ ಎರಡು ಅಳತೆ ಕೊಟ್ಟಿದೆ, 245/75 ಆರ್16 ಮತ್ತು 255/65 ಆರ್18. ಅವುಗಳ ನಡುವೆ 2 ಕೂಡ ಇಲ್ಲ. ಲಾರಿಯವರು 295/90 ಆರ್20 ತೆಗೆದು ಟ್ಯೂಬ್‌ಲೆಸ್ 295/80 ಆರ್22.5ಕ್ಕೆ ಹೋದರೆ ವ್ಯತ್ಯಾಸ ಅರ್ಧವೂ ಬರುವುದಿಲ್ಲ, ಮೀಟರಿನ ವಿಚಾರ ಮರೆತುಬಿಡಬಹುದು.

ಕಾಗದದ ಲೆಕ್ಕದ ಮೇಲೆ ಪೂರ್ತಿ ನಂಬಿಕೆ ಬೇಡ. ಗಾಡಿಯ ಭಾರಕ್ಕೆ ಟೈರ್ ಕೆಳಗೆ ಸ್ವಲ್ಪ ಚಪ್ಪಟೆಯಾಗುತ್ತದೆ. ಗಾಳಿ ಸರಿಯಾಗಿ ತುಂಬಿಸಿ, ಡ್ರೈವರ್ ಕೂತಿರುವಾಗಲೇ ಟೈರಿನ ಕೆಳತುದಿಗೂ ನೆಲಕ್ಕೂ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಗಾಡಿಯನ್ನು ನೇರಕ್ಕೆ ಐದು ಸುತ್ತು ತಳ್ಳಿ, ಗೆರೆ ಮತ್ತೆ ಕೆಳಗೆ ಬಂದಲ್ಲಿ ನೆಲದ ಮೇಲೆ ಇನ್ನೊಂದು ಗೆರೆ ಹಾಕಿ, ಟೇಪು ಹಿಡಿಯಿರಿ. ನಮ್ಮ ಕಾಫಿ ಕಣದಲ್ಲಿ ಹೀಗೆ ಅಳೆದಾಗ 11.8 ಮೀಟರ್ ಬಂತು. ಕಾಗದದ ಪ್ರಕಾರ 12.15 ಬರಬೇಕಿತ್ತು. ಹಳೆ ಟೈರನ್ನೂ ಬಿಚ್ಚುವ ಮೊದಲು ಹೀಗೇ ಅಳೆದಿಟ್ಟುಕೊಂಡರೆ ಎರಡರ ಹೋಲಿಕೆ ಪಕ್ಕಾ ಸಿಗುತ್ತದೆ. ಸವೆದ ಟೈರಿಗೂ ಹೊಸ ಟೈರಿಗೂ ನಡುವೆಯೇ ನೂರಕ್ಕೆ ಎರಡರಷ್ಟು ವ್ಯತ್ಯಾಸ ಇರುತ್ತದೆ. ಹಾಗಾಗಿ ಎರಡರೊಳಗಿನ ತಪ್ಪಿನ ಹಿಂದೆ ಬೀಳುವುದು ಹುಚ್ಚು.

ಮುಳ್ಳಿನ ಸುಳ್ಳು, ಅಂಕಿಯ ಸತ್ಯ

ಈ ಭಾಗ ಬಹಳ ಮಂದಿಗೆ ಗೊತ್ತಿಲ್ಲ, ಮೆಕ್ಯಾನಿಕ್‌ಗಳಲ್ಲೂ ಎಷ್ಟೋ ಜನರಿಗೆ ಗೊತ್ತಿಲ್ಲ. ಕಂಪನಿಯಿಂದ ಹೊರಬಂದ ಗಾಡಿಯ ಮುಳ್ಳು ಬೇಕಂತಲೇ ಸ್ವಲ್ಪ ಹೆಚ್ಚು ತೋರಿಸುತ್ತದೆ. ಹಲವು ದೇಶಗಳು ಪಾಲಿಸುವ ವಿಶ್ವಸಂಸ್ಥೆಯ 39ನೇ ವಾಹನ ನಿಯಮದಲ್ಲಿ ಇದು ಸ್ಪಷ್ಟವಾಗಿದೆ: ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು, ಹೆಚ್ಚು ತೋರಿಸುವುದಾದರೆ ನೂರಕ್ಕೆ ಹತ್ತು ಮತ್ತು ಮೇಲೆ 4 ಕಿ.ಮೀ.ವರೆಗೆ ತೋರಿಸಬಹುದು. ಅಂದರೆ ಗಾಡಿ ನಿಜಕ್ಕೂ 80ರಲ್ಲಿ ಹೋಗುವಾಗ ಮುಳ್ಳು 92 ತೋರಿಸಿದರೂ ನಿಯಮದೊಳಗೇ ಇದೆ. ಕಂಪನಿಗಳು ಇದರ ನಡುವೆ ಎಲ್ಲೋ ಇಟ್ಟುಕೊಳ್ಳುತ್ತವೆ. ಕಿಲೋಮೀಟರ್ ಅಂಕಿಗೆ ಆ ಉಬ್ಬು ಇರುವುದಿಲ್ಲ, ಅದು ಬಹುಮಟ್ಟಿಗೆ ಓಡಿದ್ದನ್ನೇ ಬರೆಯುತ್ತದೆ.

ನನ್ನ ಜೀಪಿನಲ್ಲಿ ಹಳೆ ಟೈರ್ ಇದ್ದಾಗ ಮುಳ್ಳು 80 ಅಂದರೆ ಫೋನಿನ ಜಿಪಿಎಸ್ 75 ಅನ್ನುತ್ತಿತ್ತು. ಹೊಸ ಟೈರ್ ಹಾಕಿದ ಮೇಲೆ ಸಕಲೇಶಪುರದಿಂದ ಹಾಸನದ ಕಡೆಗಿನ ನೇರ ರಸ್ತೆಯಲ್ಲಿ ಮುಳ್ಳನ್ನು 80ಕ್ಕೆ ಹಿಡಿದೆ, ಜಿಪಿಎಸ್ 79 ತೋರಿಸಿತು. ಮುಳ್ಳು ತಾನಾಗಿ ಸರಿಯಾಗಿತ್ತು! ಅದೇ ರಸ್ತೆಯಲ್ಲಿ ಜಿಪಿಎಸ್ 20 ಕಿ.ಮೀ. ಎಣಿಸಿದಾಗ ಗಾಡಿಯ ಅಂಕಿ 19 ಮಾತ್ರ ಏರಿತ್ತು. ನನ್ನ 11.4ರ ಮೈಲೇಜ್ ಗುಟ್ಟು ಅಲ್ಲಿತ್ತು. 11.4ನ್ನು 1.052ರಿಂದ ಗುಣಿಸಿ ನೋಡಿ, ಹಳೆ 12 ವಾಪಸ್ ಬರುತ್ತದೆ.

ಆದ್ದರಿಂದ ಯಾರಾದರೂ ಜಿಪಿಎಸ್ ವೇಗಕ್ಕೆ ಮುಳ್ಳನ್ನು ಹೊಂದಿಸಿ ಕೊಡುತ್ತೇನೆ ಅಂದರೆ ಒಂದು ನಿಮಿಷ ಯೋಚಿಸಿ. ಈಗಿನ ಗಾಡಿಗಳಲ್ಲಿ ಮುಳ್ಳಿಗೂ ಅಂಕಿಗೂ ಸುದ್ದಿ ಬರುವುದು ಒಂದೇ ತಂತಿಯಿಂದ. ಮುಳ್ಳನ್ನು ಜಿಪಿಎಸ್‌ಗೆ ಸರಿ ಮಾಡಿದರೆ ಅಂಕಿ ಕಡಿಮೆ ಓಡುತ್ತದೆ. ಅಂಕಿ ಸರಿ ಮಾಡಿದರೆ ಮುಳ್ಳು ಕಂಪನಿ ಇಟ್ಟಷ್ಟು ಉಬ್ಬಿಗೆ ಮರಳುತ್ತದೆ. ನಾನಾದರೆ ಯಾವಾಗಲೂ ಅಂಕಿಯನ್ನೇ ಸರಿ ಮಾಡಿಸುತ್ತೇನೆ. ಆಯಿಲ್ ಬದಲಿಸುವುದು, ಡೀಸೆಲ್ ಲೆಕ್ಕ, ಬಾಡಿಗೆ ಗಾಡಿಯಾದರೆ ಕಿಲೋಮೀಟರ್ ಲೆಕ್ಕದ ದುಡ್ಡು, ನಾಳೆ ಮಾರುವಾಗಿನ ಮಾತು, ಎಲ್ಲವೂ ಅಂಕಿಯ ಮೇಲಿದೆ. ಮುಳ್ಳು ಸ್ವಲ್ಪ ಹೆಚ್ಚು ತೋರಿಸಿದರೆ ಯಾರ ಗಂಟೂ ಹೋಗುವುದಿಲ್ಲ.

ಸುತ್ತು ಎಣಿಸುವ ಜಾಗ

ಮೂರು ಬಗೆ ಇವೆ. ಹಳೆ ಜೀಪು, ಹಳೆ ಪಿಕಪ್‌ಗಳಲ್ಲಿ ಗೇರ್‌ಬಾಕ್ಸ್ ಅಥವಾ ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಚಕ್ರಗಳಿಗೆ ಎಳೆತ ಹಂಚುವ ಪೆಟ್ಟಿಗೆ) ಹಿಂಬದಿಯಿಂದ ಕೇಬಲ್ ಬಂದು ಮೀಟರನ್ನು ನೇರವಾಗಿ ತಿರುಗಿಸುತ್ತದೆ. ಅದರ ನಂತರದ ಗಾಡಿಗಳಲ್ಲಿ ಕೇಬಲ್ ಹೋಗಿ ಅದೇ ಜಾಗದಲ್ಲಿ ಸೆನ್ಸರ್ ಬಂತು, ಸುತ್ತಿಗೆ ಇಷ್ಟು ಅಂತ ಮಿಡಿತ ಕಳಿಸುತ್ತದೆ. ಎಬಿಎಸ್ ಇರುವ ಹೊಸ ಗಾಡಿಗಳಲ್ಲಿ ಸಾಮಾನ್ಯವಾಗಿ ನಾಲ್ಕೂ ಚಕ್ರಗಳ ಸೆನ್ಸರಿನಿಂದ ವೇಗ ತಿಳಿಯುತ್ತದೆ. 2019ರ ಏಪ್ರಿಲ್ ನಂತರ ತಯಾರಾದ ಕಾರು, ಜೀಪುಗಳಿಗೆ ಎಬಿಎಸ್ ಕಡ್ಡಾಯವಾಗಿರುವುದರಿಂದ ಅವನ್ನು ಈ ಗುಂಪಿನಲ್ಲೇ ನೋಡಿ.

ಟೈರ್ ಬದಲಿಸಿದರೆ ಮೂರರಲ್ಲೂ ತಪ್ಪು ಬರುತ್ತದೆ. ಕ್ರೌನ್ ಪಿನಿಯನ್ ಬದಲಿಸಿದರೆ ಹಾಗಲ್ಲ. ಕೇಬಲ್ ಅಥವಾ ಸೆನ್ಸರ್ ಗೇರ್‌ಬಾಕ್ಸ್ ಕಡೆ ಇದ್ದರೆ ಎಣಿಕೆ ನಡೆಯುವುದು ಕ್ರೌನ್ ಪಿನಿಯನ್ ಕೂತಿರುವ ಹೌಸಿಂಗ್‌ಗಿಂತ ಮುಂಚೆ, ಹಾಗಾಗಿ ಹಲ್ಲಿನ ಅನುಪಾತ ಬದಲಾದರೆ ಮೀಟರೂ ಬದಲಾಗುತ್ತದೆ. ಉದಾಹರಣೆಗೆ ಹಳೆ ವಿಲ್ಲಿಸ್ ಸಿಜೆ-3ಬಿ ಜೀಪಿನ 5.38 ಅನುಪಾತದ ಕ್ರೌನ್ ತೆಗೆದು 4.88ರದ್ದು ಹಾಕಿದರೆ, ಅದೇ ವೇಗಕ್ಕೆ ಮೀಟರ್ ಮೊದಲಿಗಿಂತ ನೂರಕ್ಕೆ 9ರಷ್ಟು ಕಡಿಮೆ ತೋರಿಸುತ್ತದೆ. ಸೆನ್ಸರ್ ಚಕ್ರದಲ್ಲೇ ಇದ್ದರೆ ನೀವು ಯಾವ ಕ್ರೌನ್ ಹಾಕಿದರೂ ಮೀಟರ್ ಕದಲುವುದಿಲ್ಲ.

ಹೀಗಾಗಿ ಗೇರ್‌ಬಾಕ್ಸ್ ಕಡೆ ಎಣಿಸುವ ಗಾಡಿಯವರಿಗೆ ಒಂದು ಸೊಗಸಾದ ಅನುಕೂಲ ಇದೆ. ಅಮೆರಿಕದ ಪಿಕಪ್ ಮಂದಿ 30 ಇಂಚಿನ ಟೈರ್ ತೆಗೆದು 33 ಹಾಕಿದಾಗ ಎಳೆತ ಕಮ್ಮಿಯಾಯಿತು ಅಂತ 3.73ರ ಗೇರ್ ಬಿಚ್ಚಿ 4.10 ಹಾಕಿಸುತ್ತಾರೆ. ಟೈರ್ ನೂರಕ್ಕೆ 10 ದೊಡ್ಡದಾಯಿತು, ಗೇರ್ ನೂರಕ್ಕೆ 9.9 ಬಿಗಿಯಾಯಿತು, ಒಂದನ್ನೊಂದು ನುಂಗಿಹಾಕಿ ಮೀಟರ್ ಮೊದಲಿನ ಹಾಗೇ ನಿಲ್ಲುತ್ತದೆ. ಬರೀ ಮೀಟರಿಗಾಗಿ ಯಾರೂ ಹೌಸಿಂಗ್ ಬಿಚ್ಚಿಸಬೇಡಿ, ಆದರೆ ಹೇಗೂ ಬಿಚ್ಚಿಸುವವರು ಈ ಲೆಕ್ಕ ಹಾಕಿಕೊಂಡು ಅನುಪಾತ ಆರಿಸಿ. ನಾಲ್ಕೂ ಚಕ್ರ ಎಳೆಯುವ ಗಾಡಿಯಾದರೆ ಮುಂದಿನ ಹೌಸಿಂಗ್‌ಗೂ ಅದೇ ಅನುಪಾತ ಬೇಕು, ಮರೆಯಬೇಡಿ.

ಕೇಬಲ್ ಗಾಡಿಗೆ: ಪಿನಿಯನ್ನೋ, ನಡುವಿನ ಪೆಟ್ಟಿಗೆಯೋ?

ಕೇಬಲ್ಲಿನ ತುದಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಹಲ್ಲಿನ ಚಕ್ರ ಇರುತ್ತದೆ, ಮೀಟರ್ ಪಿನಿಯನ್. ಅದನ್ನು ಒಳಗಿನ ವರ್ಮ್, ಅಂದರೆ ತಿರುಪಿನಂಥ ಗೇರ್, ತಿರುಗಿಸುತ್ತದೆ. ಟೈರ್ ದೊಡ್ಡದಾದರೆ ಈ ಪಿನಿಯನ್ನಿನ ಹಲ್ಲು ಕಡಿಮೆಯಾಗಬೇಕು, ಆಗ ಕೇಬಲ್ ಜೋರಾಗಿ ತಿರುಗುತ್ತದೆ. ಹಳೆ ಹಲ್ಲಿನ ಸಂಖ್ಯೆಯನ್ನು ಟೈರಿನ ಅನುಪಾತದಿಂದ ಭಾಗಿಸಿ. 17 ಹಲ್ಲು ಇದ್ದು ಟೈರ್ ನೂರಕ್ಕೆ 7 ದೊಡ್ಡದಾಗಿದ್ದರೆ 15.9, ಅಂದರೆ 16 ಹಲ್ಲಿನದು ಬೇಕು. ಕೆಲಸ ಅರ್ಧ ಗಂಟೆಯದು, ಬಿಚ್ಚುವಾಗ ಸ್ವಲ್ಪ ಆಯಿಲ್ ಸುರಿಯುತ್ತದೆ ಅಷ್ಟೆ. ಸಿಕ್ಕರೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ, ಮುಳ್ಳೂ ಅಂಕಿಯೂ ಒಟ್ಟಿಗೇ ಸರಿಯಾಗುತ್ತವೆ.

ಸಿಗುವುದೇ ಕಷ್ಟ. ಅಮೆರಿಕದ ಹಳೆ ಜೀಪುಗಳಿಗೆ 26ರಿಂದ ಶುರುವಾಗಿ 40ರ ಆಸುಪಾಸಿನವರೆಗೆ ಹಲ್ಲುಹಲ್ಲಿಗೂ ಪಿನಿಯನ್ ಬರುತ್ತಿತ್ತು. ನಮ್ಮಲ್ಲಿ ಅದೇ ಕಂಪನಿಯ ಬೇರೆ ಮಾದರಿಗೆ ಬಂದದ್ದು ಹೊಂದಿದರೆ ಹೊಂದೀತು. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಎಲ್ಲ ಸುತ್ತಿದರೂ ಬರಿಗೈಲಿ ಬರುವುದಕ್ಕೆ ಸಿದ್ಧರಾಗಿ ಹೋಗಿ. ಇನ್ನೊಂದು ಎಚ್ಚರಿಕೆ: ಆ ಜೀಪುಗಳಲ್ಲಿ ಪಿನಿಯನ್ ಕೂರುವ ಗೂಡು ನಟ್ಟನಡುವೆ ಇರುವುದಿಲ್ಲ, ಸ್ವಲ್ಪ ಓರೆಗಿರುತ್ತದೆ. ಅದರ ಮೇಲೆ 26–31, 32–38, 39–45 ಅಂತ ಗುರುತು ಹಾಕಿರುತ್ತಾರೆ. ಹಲ್ಲಿನ ಸಂಖ್ಯೆಗೆ ತಕ್ಕ ಗುರುತು ಕೆಳಗೆ ಬರುವಂತೆ ತಿರುಗಿಸಿ ಕೂರಿಸದಿದ್ದರೆ ಹೊಸ ಪಿನಿಯನ್ ಹಲ್ಲು ಕಳಚಿಕೊಂಡು ಪುಡಿಯಾಗುತ್ತದೆ. ನಿಮ್ಮ ಗಾಡಿಯಲ್ಲೂ ಗೂಡು ಓರೆಗಿದೆಯೇ ಅಂತ ಬಿಚ್ಚುವಾಗಲೇ ನೋಡಿಟ್ಟುಕೊಳ್ಳಿ.

ಪಿನಿಯನ್ ಸಿಗದಿದ್ದರೆ ಕೇಬಲ್ಲಿನ ದಾರಿಯಲ್ಲಿ ಸಣ್ಣದೊಂದು ಗೇರ್ ಪೆಟ್ಟಿಗೆ ಕೂರಿಸಬಹುದು. ಒಂದು ಕಡೆಯಿಂದ ಒಂದು ಸುತ್ತು ಹೋದರೆ ಇನ್ನೊಂದು ಕಡೆ ಬೇಕಾದಷ್ಟು ಹೆಚ್ಚು ಬರುವಂತೆ ಹಲ್ಲು ಜೋಡಿಸಿ ಮಾಡಿಕೊಡುತ್ತಾರೆ. ಇದು ಪಿನಿಯನ್ನಿಗಿಂತ ದುಬಾರಿ, ಆದರೆ ಒಂದು ಹಲ್ಲಿನ ಲೆಕ್ಕಕ್ಕೆ ಕಟ್ಟುಬೀಳುವುದಿಲ್ಲ, ಬೇಕಾದ ಅನುಪಾತಕ್ಕೆ ಇನ್ನೂ ಹತ್ತಿರ ಹೋಗಬಹುದು. ಪೆಟ್ಟಿಗೆಯೊಳಗೆ ಗ್ರೀಸ್ ಒಣಗಿದರೆ ಮುಳ್ಳು ನಡುಗಲು ಶುರುವಾಗುತ್ತದೆ. ಕೇಬಲ್ಲನ್ನು ಚೂಪಾಗಿ ಬಾಗಿಸಿ ಕಟ್ಟಿದರೆ ತುಂಡಾಗುತ್ತದೆ.

ಮೂರನೆಯದೊಂದು ದಾರಿ ಇದೆ. ಅದನ್ನು ಹಿಡಿಯಬೇಡಿ ಅಂತ ಹೇಳಲಿಕ್ಕೇ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿದ್ದ ಹಳೆ ಕೇಬಲ್ ಜೀಪಿಗೆ ಅಪ್ಪ ನೂರಕ್ಕೆ ಹತ್ತು ದೊಡ್ಡ ಟೈರ್ ಹಾಕಿಸಿದ್ದರು. ಮೀಟರ್ ರಿಪೇರಿಯವನೊಬ್ಬ ಗಾಜು ತೆಗೆದು, ಎರಡು ಚಮಚ ಕೊಟ್ಟು ಮುಳ್ಳನ್ನು ಮೀಟಿ ಎಬ್ಬಿಸಿದ. ನಿಜವೇಗ 44 ಇರುವಾಗ ಮೀಟರ್ 40 ತೋರಿಸುತ್ತಿದ್ದದ್ದರಿಂದ, ಮುಳ್ಳನ್ನು 4 ಮುಂದಕ್ಕಿಟ್ಟು ಹೆಬ್ಬೆರಳಿನಿಂದ ಒತ್ತಿದ. ಊರೊಳಗೆ 44ರಲ್ಲಿ ಹೋದಾಗ ಸರಿಯಾಗಿತ್ತು. ಹೆದ್ದಾರಿಯಲ್ಲಿ ನಿಜಕ್ಕೂ 88ರಲ್ಲಿ ಹೋಗುವಾಗ ಅದು 84 ಅಂದಿತು. ನಿಂತ ಜೀಪು 4ರಲ್ಲಿ ಓಡುತ್ತಿತ್ತು! ಟೈರಿನ ತಪ್ಪು ವೇಗದ ಜೊತೆ ಬೆಳೆಯುವ ತಪ್ಪು, ಮುಳ್ಳು ಸರಿಸುವುದು ಎಲ್ಲ ಕಡೆ ಒಂದೇ ಅಳತೆಯ ತಿದ್ದುಪಡಿ. ಹಳೆ ಮೀಟರಿನೊಳಗೆ ತಿರುಗುವ ಅಯಸ್ಕಾಂತ, ಅದರ ಸುತ್ತ ಅಲ್ಯೂಮಿನಿಯಂ ಬಟ್ಟಲು, ಬಟ್ಟಲನ್ನು ಹಿಡಿದಿಡುವ ಕೂದಲೆಳೆಯಂಥ ಸ್ಪ್ರಿಂಗ್ ಇರುತ್ತದೆ. ನಿಜವಾದ ಕಸುಬುದಾರ ಆ ಸ್ಪ್ರಿಂಗನ್ನೋ ಅಯಸ್ಕಾಂತದ ಬಲವನ್ನೋ ಹೊಂದಿಸುತ್ತಾನೆ. ಅವನು ಮಾಡಿದರೂ ಸರಿಯಾಗುವುದು ಮುಳ್ಳು ಮಾತ್ರ, ಅಂಕಿ ಹಲ್ಲಿನಿಂದ ನೇರ ತಿರುಗುವುದರಿಂದ ಹಳೆ ತಪ್ಪಿನಲ್ಲೇ ಇರುತ್ತದೆ.

ಸೆನ್ಸರ್ ಗಾಡಿಗೆ: ಮಿಡಿತ ತಿದ್ದುವ ಮಾಡ್ಯೂಲ್

ನನ್ನ ಥಾರ್ ಈ ಜಾತಿಯದು. ಬೆಂಕಿಪೊಟ್ಟಣದಷ್ಟು ಅಥವಾ ಸ್ವಲ್ಪ ದೊಡ್ಡ ಪೆಟ್ಟಿಗೆಯೊಂದನ್ನು ಸೆನ್ಸರಿನ ತಂತಿಯ ನಡುವೆ ಸೇರಿಸುತ್ತಾರೆ. ಒಳಬಂದ ಮಿಡಿತಗಳನ್ನು ಎಣಿಸಿ, ನೀವು ಹೇಳಿದ ಪ್ರಮಾಣಕ್ಕೆ ಹೆಚ್ಚಿಸಿ ಅಥವಾ ತಗ್ಗಿಸಿ ಮುಂದೆ ಕಳಿಸುತ್ತದೆ. ಹಲ್ಲು ಹುಡುಕುವ ತಾಪತ್ರಯ ಇಲ್ಲ, ನಾಳೆ ಇನ್ನೊಂದು ಟೈರ್ ಹಾಕಿದರೆ ಮತ್ತೆ ಹೊಂದಿಸಬಹುದು.

ಕೊಳ್ಳುವ ಮೊದಲು ಮೂರು ವಿಷಯ ಖಾತ್ರಿ ಮಾಡಿಕೊಳ್ಳಿ. ನಿಮ್ಮ ಸೆನ್ಸರಿಗೆ ಎರಡು ತಂತಿಯೋ ಮೂರೋ? ಮೂರು ತಂತಿಯದು ಸಾಮಾನ್ಯವಾಗಿ ಹಾಲ್ ಸೆನ್ಸರ್, ಕಡಿದಿಟ್ಟಂಥ ಮಿಡಿತ ಕೊಡುತ್ತದೆ. ಎರಡು ತಂತಿಯದು ಬಹುತೇಕ ಸುರುಳಿ ಮತ್ತು ಅಯಸ್ಕಾಂತದ್ದು, ಅದರಿಂದ ಬರುವುದು ಏರಿಳಿಯುವ ಅಲೆ. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ನಡೆಯಬೇಕೆಂದಿಲ್ಲ. ಎರಡನೆಯದು, ತಂತಿ ಕತ್ತರಿಸುವ ಜಾಗ. ಸೆನ್ಸರಿನಿಂದ ಹೊರಟ ಸುದ್ದಿ ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೂ ಮೀಟರಿಗೂ ಕವಲೊಡೆಯುವ ಮುಂಚೆ ಕೂರಿಸಿದರೆ ಇಬ್ಬರಿಗೂ ಸರಿಯಾದ ವೇಗ ಸಿಗುತ್ತದೆ. ಆಟೋಮ್ಯಾಟಿಕ್ ಗೇರ್, ಕ್ರೂಸ್ ಕಂಟ್ರೋಲ್ ಇರುವ ಗಾಡಿಯಲ್ಲಿ ಇದನ್ನು ಬಿಡುವ ಹಾಗಿಲ್ಲ. ಮೂರನೆಯದು ನೀರು. ಮಲೆನಾಡಿನ ಮಳೆಯಲ್ಲಿ ತಂತಿ ಬರೀ ತಿರುಚಿ ಟೇಪ್ ಸುತ್ತಿದರೆ ಆಗಸ್ಟಿನೊಳಗೆ ಹಸಿರು ಕಿಲುಬು ಹಿಡಿದು ಮೀಟರ್ ಸೊನ್ನೆಗೆ ಬಿದ್ದಿರುತ್ತದೆ. ಬೆಸುಗೆ ಹಾಕಿಸಿ, ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡ್ ಒಳಗೆ ಇರಿಸಿ.

ಇದೇ ಪೆಟ್ಟಿಗೆಯನ್ನು ಕಿಲೋಮೀಟರ್ ಕಡಿಮೆ ಮಾಡಿ ಮಾರುವ ಕಳ್ಳರೂ ಬಳಸುತ್ತಾರೆ. ಅದಕ್ಕೇ ಕೂರಿಸಿದ ದಿನಾಂಕ, ಆ ಹೊತ್ತಿನ ಅಂಕಿ, ಹೊಂದಿಸಿದ ಪ್ರಮಾಣ, ಟೈರ್ ಬಿಲ್ಲು ಎಲ್ಲ ಸರ್ವಿಸ್ ಪುಸ್ತಕದಲ್ಲಿ ಇರಲಿ. ಮಾರುವಾಗ ಕೇಳಿದವರಿಗೆ ತೋರಿಸಬಹುದು.

ಎಬಿಎಸ್ ಗಾಡಿಗೆ: ಕಂಪ್ಯೂಟರಿಗೇ ಹೇಳಬೇಕು

ಇಲ್ಲಿ ನಾಲ್ಕು ಚಕ್ರದ ಸುದ್ದಿ ಒಂದೇ ಜಾಲದಲ್ಲಿ ಓಡಾಡುತ್ತದೆ. ಮಧ್ಯೆ ಒಂದು ತಂತಿ ಕತ್ತರಿಸಿ ಪೆಟ್ಟಿಗೆ ಹಾಕುವ ಕೆಲಸ ಬೇಡ, ಎಬಿಎಸ್ ದೀಪ ಹೊತ್ತಿಸಿಕೊಂಡು ಬರುತ್ತೀರಿ. ಗಾಡಿಯ ಕಂಪ್ಯೂಟರಿನಲ್ಲಿ ಟೈರಿನ ಸುತ್ತಳತೆ ಬರೆದಿಡುವ ಒಂದು ಜಾಗ ಇರುತ್ತದೆ, ಅದನ್ನು ಬದಲಿಸುವುದೇ ನೆಟ್ಟಗಿನ ದಾರಿ. ಫೋರ್ಡ್ ಗಾಡಿಗಳವರು ಫೋರ್‌ಸ್ಕ್ಯಾನ್ ತಂತ್ರಾಂಶ ಬಳಸಿ ಲ್ಯಾಪ್‌ಟಾಪಿನಿಂದಲೇ ಮಾಡಿಕೊಳ್ಳುತ್ತಾರೆ. ಅಮೆರಿಕದ ಜೀಪ್ ರ‍್ಯಾಂಗ್ಲರ್‌ಗೆ ಟೈರ್ ಅಳತೆ, ಗೇರ್ ಅನುಪಾತ ಎರಡನ್ನೂ ಬರೆಯುವ ಕೈಯಳತೆಯ ಸಾಧನಗಳೇ ಅಂಗಡಿಯಲ್ಲಿ ಸಿಗುತ್ತವೆ. ನಮ್ಮಲ್ಲಿ ಶೋರೂಮಿನವರು ತಮ್ಮ ಪಟ್ಟಿಯಲ್ಲಿಲ್ಲದ ಅಳತೆಯನ್ನು ಸಾಮಾನ್ಯವಾಗಿ ಬರೆದುಕೊಡುವುದಿಲ್ಲ. ಅದೇ ಮಾದರಿಯ ಬೇರೆ ವೇರಿಯಂಟಿಗೆ ಬರುವ ಅಳತೆಯಾದರೆ ಕೇಳಿ ನೋಡಬಹುದು. ಹೊರಗಿನವರ ಕೈಲಿ ಮಾಡಿಸಿದರೆ ವಾರಂಟಿ ಬಗ್ಗೆ ಮೊದಲೇ ಯೋಚಿಸಿ.

ನಾಲ್ಕೂ ಟೈರ್ ಒಂದೇ ಅಳತೆಯಲ್ಲಿರಲಿ. ಹಿಂದೆ ಮಾತ್ರ ದೊಡ್ಡದು ಹಾಕಿದರೆ ಚಕ್ರ ಜಾರುತ್ತಿದೆ ಅಂತ ಕಂಪ್ಯೂಟರ್ ತಿಳಿಯುತ್ತದೆ. ನಾಲ್ಕು ಚಕ್ರದ ಎಳೆತ ಹಾಕಿದಾಗ ಟ್ರಾನ್ಸ್‌ಫರ್ ಕೇಸೂ ಹಿಂಡಿಹೋಗುತ್ತದೆ.

ಏನೂ ಮಾಡದಿರುವುದು

ತಪ್ಪು ನೂರಕ್ಕೆ ಐದರೊಳಗಿದ್ದು, ಮುಳ್ಳು ಮೊದಲು ಹೆಚ್ಚು ತೋರಿಸುತ್ತಿದ್ದ ಗಾಡಿಯಾದರೆ ಸುಮ್ಮನಿರುವುದೇ ಜಾಣತನ. ಬೊಲೆರೊಗೆ 235/75 ಹಾಕಿದವರಿಗೆ ನಾನು ಇದನ್ನೇ ಹೇಳುತ್ತೇನೆ. ಫೋನ್ ಸ್ಟ್ಯಾಂಡಿನಲ್ಲಿ ಜಿಪಿಎಸ್ ಇಟ್ಟುಕೊಂಡು ಒಂದೆರಡು ಸಲ 40, 60, 80ರಲ್ಲಿ ತಾಳೆ ನೋಡಿದರೆ ಸಾಕು. ಶಿರಾಡಿ, ಚಾರ್ಮಾಡಿಯ ತಿರುವುಗಳಲ್ಲಿ ಜಿಪಿಎಸ್ ತಡವರಿಸುತ್ತದೆ, ತಾಳೆ ನೋಡಲು ನೇರ ರಸ್ತೆಯೇ ಆಗಬೇಕು.

ಏಳೆಂಟು ದಾಟಿದರೆ ಸುಮ್ಮನಿರುವ ಹಾಗಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಿತಿ 100, ಮೇಲೆ ಕ್ಯಾಮೆರಾ. ನಿಮ್ಮ ಮೀಟರ್ 98 ಅಂದಿತ್ತು ಅನ್ನುವುದು ದಂಡದ ಚೀಟಿಗೆ ಉತ್ತರವಾಗುವುದಿಲ್ಲ. ಸರಕು ಗಾಡಿಯವರಿಗೆ ಇನ್ನೊಂದು ತೊಡಕು: 80ಕ್ಕೆ ಕಟ್ಟಿದ ಸ್ಪೀಡ್ ಗವರ್ನರ್ ಕೂಡ ಅದೇ ತಪ್ಪು ಸುದ್ದಿ ನಂಬಿ, ಗಾಡಿ 80 ದಾಟಿದ ಮೇಲೆ ಹಿಡಿಯುತ್ತದೆ. ಗವರ್ನರಿಗೆ ನೀವೇ ಕೈ ಹಾಕಬೇಡಿ, ಅದನ್ನು ಕೂರಿಸಿದವರಿಂದಲೇ ಹೊಸ ಟೈರಿಗೆ ಹೊಂದಿಸಿಕೊಳ್ಳಿ. ಟೈರ್ ಅಳತೆ ಕಂಪನಿ ಕೊಟ್ಟದ್ದರಿಂದ ಬಹಳ ದೂರ ಹೋದರೆ ಗಾಡಿಯ ಮಾರ್ಪಾಡಿಗೆ ಮಿತಿ ಹಾಕುವ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಎದುರಾದೀತು, ಆ ಮಾತನ್ನು ಟೈರ್ ಕೊಳ್ಳುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳುವುದು ಮೇಲು.

ಇನ್ನೂ ಟೈರ್ ಕೊಂಡಿಲ್ಲ ಅನ್ನುವವರಿಗೆ ಎಲ್ಲಕ್ಕಿಂತ ಅಗ್ಗದ ದಾರಿ ತೆರೆದಿದೆ. ಅಗಲ ಹೆಚ್ಚಿಸಿ, ಗೋಡೆಯ ಪ್ರಮಾಣ ತಗ್ಗಿಸಿ, ಒಟ್ಟು ವ್ಯಾಸ ಹಳೆಯದಕ್ಕೆ ನೂರಕ್ಕೆ ಮೂರರೊಳಗೆ ಬರುವ ಅಳತೆ ಹುಡುಕಿ. ಕೆಸರಿಗೆ ಬೇಕಾಗಿರುವುದು ಬಹಳ ಸಲ ಎತ್ತರಕ್ಕಿಂತ ಒಳ್ಳೆ ಕಚ್ಚು. ನನಗೆ ಈ ಬುದ್ಧಿ ಬಂದದ್ದು ಬಿಲ್ಲು ಕೊಟ್ಟ ಮೇಲೆ.

ನನ್ನ ಜೀಪಿಗೆ ಕೊನೆಗೆ ಮಾಡ್ಯೂಲ್ ಹಾಕಿಸಲಿಲ್ಲ. ಮುಳ್ಳು ತಾನೇ ಸರಿಯಾಗಿತ್ತು, ಅಂಕಿಯ ತಪ್ಪಿಗೆ ಪೆನ್ನು ಸಾಕಾಯಿತು. ಡೀಸೆಲ್ ಪುಸ್ತಕದ ಒಳರಟ್ಟಿನ ಮೇಲೆ ಟೈರ್ ಹಾಕಿಸಿದ ದಿನದ ಅಂಕಿ ಬರೆದು, ಕೆಳಗೆ "ಇಲ್ಲಿಂದ ಮುಂದೆ 1.05ರಿಂದ ಗುಣಿಸು" ಅಂತ ಕೆಂಪಕ್ಷರದಲ್ಲಿ ಹಾಕಿದ್ದೇನೆ. ಆಯಿಲ್ ಬದಲಿಸುವುದನ್ನು 10,000ಕ್ಕೆ ಬದಲು ಮೀಟರ್ 9,500 ಆದಾಗಲೇ ಮಾಡಿಸುತ್ತೇನೆ. ಅಪ್ಪನ ಜೀಪಿಗೆ ಕೇಬಲ್ ಪೆಟ್ಟಿಗೆ ಕೂರಿಸಿ, ಮುಳ್ಳನ್ನು ಮತ್ತೆ ಸೊನ್ನೆಗೆ ತಂದಿಟ್ಟೆವು.